ಹೊಲಿಯದ ಅಂಗಿಯ ಬಿಲ್

ಊಸ್ಮಾನನ ಭುಜದ ಅಳತೆ ತೆಗೆಯಲು ಅಬ್ದುಲ್ ಸಲಾಂ ಸ್ಟೂಲು ಹತ್ತಬೇಕಾಯಿತು. ದೋಹಾದ ನಜ್ಮಾ ಬಡಾವಣೆಯ ಆ ಗಲ್ಲಿಯಲ್ಲಿ ಟೈಲರ್ ಅಂಗಡಿ ಇಟ್ಟ ದಿನದಿಂದ ಅವರು ಎಂಥೆಂಥವರಿಗೋ ಬಟ್ಟೆ ಹೊಲಿದುಕೊಟ್ಟಿದ್ದರು. ಆದರೆ ಬಾಗಿಲು ದಾಟಲು ಸೊಂಟ ಬಗ್ಗಿಸಬೇಕಾದ ಗಿರಾಕಿ ಇವನೇ ಮೊದಲು. ಟೇಪು ಹಿಡಿದು ಮೇಲೆ ನಿಂತವರು ಮಗಳ ಕಡೆ ತಿರುಗಿ, "ಇವನಿಗೆ ಮೀಟರ್ ಲೆಕ್ಕದ ಬಟ್ಟೆ ಸಾಕಾಗ್ಲಿಕ್ಕಿಲ್ಲ, ಇಡೀ ಥಾನನ್ನೇ ತರಬೇಕಾದೀತು" ಎಂದರು. ಮಗಳು ಶೈಮಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಊಸ್ಮಾನ್ ನಕ್ಕ ನಗುವಿಗೆ ಪಕ್ಕದ ಕೆಫೆಟೇರಿಯಾದವನು ಚಾ ಸೋಸುವುದನ್ನು ಬಿಟ್ಟು ಬಂದು ಇಣುಕಿದ.

ಊಸ್ಮಾನ್ ಸೆನೆಗಲ್ ದೇಶದವನು, ಬಾಸ್ಕೆಟ್‌ಬಾಲ್ ಆಟಗಾರ. ದೋಹಾದ ಅಲ್ ನವ್ರಸ್ ಕ್ಲಬ್ಬಿಗೆ ಆಡುತ್ತಿದ್ದ. ಶೈಮಾ ಅದೇ ಕ್ಲಬ್ಬಿನ ಆಫೀಸಿನಲ್ಲಿ ಆಟಗಾರರ ಕಾಂಟ್ರಾಕ್ಟು ನೋಡಿಕೊಳ್ಳುತ್ತಿದ್ದಳು. ಹಬ್ಬಕ್ಕೆ ತನ್ನ ಊರಿನ ನಿಲುವಂಗಿ ಬೇಕು, ಇಲ್ಲಿ ಯಾವ ಅಂಗಡಿಯಲ್ಲೂ ತನ್ನ ಅಳತೆಗೆ ಸಿಗುವುದಿಲ್ಲ ಎಂದು ಅವನು ಗೋಳಾಡಿದಾಗ ಅವಳೇ ಕರೆದುಕೊಂಡು ಬಂದಿದ್ದಳು. ಅಂದು ಶುರುವಾದ ಸ್ನೇಹ ಬೆಳೆಯಿತು. ಊಸ್ಮಾನನ ಹೆಂಡತಿ ಆವಾ ಬಂದಳು, ಶೈಮಾಳ ಉಮ್ಮ, ಅಂದರೆ ತಾಯಿ ಸಾರಮ್ಮನ ಕೈಯ ಪತ್ತಿರ್ ರೊಟ್ಟಿ, ಕೋಳಿ ಗಸಿ ತಿಂದಳು, ತಾನು ಮೀನು ಹಾಕಿದ ಅನ್ನ ಮಾಡಿ ಕಳಿಸಿದಳು. ಸಾರಮ್ಮನಿಗೆ ಬ್ಯಾರಿ ಬಿಟ್ಟರೆ ಸ್ವಲ್ಪ ತುಳು, ಸ್ವಲ್ಪ ಕನ್ನಡ. ಆವಾಳಿಗೆ ಫ್ರೆಂಚ್ ಮತ್ತು ಅವಳ ಊರಿನ ಭಾಷೆ. ಆದರೂ ಇಬ್ಬರೂ ಅಡುಗೆಮನೆ ಸೇರಿದರೆ ಹೊರಗೆ ಬರುವ ಮಾತೇ ಇಲ್ಲ.

ಶೈಮಾ ಮೂರು ವರ್ಷದ ಮಗುವಾಗಿದ್ದಾಗ ಬಂಟ್ವಾಳದಿಂದ ದೋಹಾಕ್ಕೆ ಬಂದವಳು. ಅಂಗಡಿಯ ಹಿಂದಿನ ಮನೆಯಲ್ಲಿ, ಹೊಲಿಗೆ ಯಂತ್ರದ ಸದ್ದಿನಲ್ಲಿ ಬೆಳೆದಳು. ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಆಡಿದಳು. ಎತ್ತರ ಕಡಿಮೆ, ಓಟ ಜಾಸ್ತಿ. ಬಿ.ಕಾಂ. ಮಾಡಲು ಮಂಗಳೂರಿಗೆ ಹೋಗಿ ಬಂದಳು, ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ ಮಾಡುವ ಹಾಶಿಮನನ್ನು ಮದುವೆಯಾದಳು, ಅಲ್ ಹಿಲಾಲಿನಲ್ಲಿ ಮನೆ ಹಿಡಿದರು. ಕ್ಲಬ್ಬಿಗೆ ಸೇರಿದ್ದು ರಜೆಯಲ್ಲಿದ್ದ ಯಾರದೋ ಬದಲಿಗೆ, ಆಟಗಾರರ ವೀಸಾ ಕಾಗದ ನೋಡಲಿಕ್ಕೆ. ರಜೆ ಹಾಕಿದವರು ವಾಪಸ್ ಬರಲಿಲ್ಲ. ಇವಳು ಉಳಿದಳು. ಕಾಂಟ್ರಾಕ್ಟು ಓದುವುದು ಎಲ್ಲರಿಗೂ ತಲೆನೋವು, ಇವಳಿಗೆ ಮಾತ್ರ ಅದು ಹಿಡಿಸಿತು. ಒಬ್ಬ ಆಟಗಾರನಿಗೆ ಏನು ಬೇಕು, ಕ್ಲಬ್ಬಿಗೆ ಏನು ಬೇಕು, ಎರಡೂ ಒಂದೇ ಹಾಳೆಯಲ್ಲಿ ಕೂರಬೇಕು. ಕೂತಾಗ ಅವಳಿಗೆ ಒಳ್ಳೆಯ ಪಾಸ್ ಕೊಟ್ಟಷ್ಟೇ ಖುಷಿ.

ಕೆಲವು ವರ್ಷದ ಹಿಂದೆ ಆ ಕೆಲಸಕ್ಕೆ ಇನ್ನೊಂದು ಗಂಟು ಬಿತ್ತು. ಅಲ್ ನವ್ರಸ್ ಆಡುತ್ತಿದ್ದ ಲೀಗಿನ ಕ್ಲಬ್ಬುಗಳೆಲ್ಲ ಸೇರಿ ಒಂದು ನಿಯಮ ಮಾಡಿಕೊಂಡವು. ಒಂದು ಸೀಸನ್ನಿನಲ್ಲಿ ಯಾವ ಕ್ಲಬ್ಬೂ ತನ್ನ ಆಟಗಾರರಿಗೆಲ್ಲ ಸೇರಿಸಿ ಕೊಡುವ ಸಂಬಳ ಇಂತಿಷ್ಟನ್ನು ಮೀರಬಾರದು. ದುಡ್ಡಿದ್ದವರು ಒಳ್ಳೆಯವರನ್ನೆಲ್ಲ ಬಾಚಿಕೊಂಡು ಹೋದರೆ ಅವರೊಡನೆ ಆಡಲು ಯಾರು ಉಳಿಯುತ್ತಾರೆ, ಅದಕ್ಕಾಗಿ ಈ ಮಿತಿ. ಆಫೀಸಿನಲ್ಲಿ ಎಲ್ಲರೂ ಅದನ್ನು ಕ್ಯಾಪ್ ಎನ್ನುತ್ತಿದ್ದರು. ಫೋನಿನಲ್ಲಿ ಮಗಳು "ಕ್ಯಾಪಲ್ಲಿ ಜಾಗ ಇಲ್ಲ, ಕ್ಯಾಪ್ ಮೀರ್ತದೆ" ಎನ್ನುವುದನ್ನು ಕೇಳಿ ಕೇಳಿ ಅಬ್ದುಲ್ ಸಲಾಂ ತುಂಬ ದಿನ ಅದು ಟೊಪ್ಪಿಯ ವಿಷಯ ಎಂದೇ ತಿಳಿದಿದ್ದರು. "ಅಷ್ಟು ದೊಡ್ಡ ತಲೆಯಾ ಅವರಿಗೆ?" ಎಂದು ಒಮ್ಮೆ ಕೇಳಿಯೂ ಬಿಟ್ಟರು.

ಕ್ಲಬ್ಬಿನ ಮ್ಯಾನೇಜರನ್ನು ಎಲ್ಲರೂ ಬು ಜಾಸಿಮ್ ಎಂದು ಕರೆಯುತ್ತಿದ್ದರು, ಜಾಸಿಮನ ಅಪ್ಪ ಎಂದರ್ಥ. ಒಂದು ಕಾಲದಲ್ಲಿ ಇದೇ ಕ್ಲಬ್ಬಿಗೆ ಆಡಿ, ಮಂಡಿ ಕೆಡಿಸಿಕೊಂಡು ಕುರ್ಚಿಗೆ ಬಂದ ಮನುಷ್ಯ. ದೊಡ್ಡ ದನಿ, ಅದಕ್ಕಿಂತ ದೊಡ್ಡ ಮನಸ್ಸು. ತನ್ನ ತಂಡ ಫ್ರೀ ಥ್ರೋ ಎಸೆಯುವಾಗ ಕಣ್ಣು ಮುಚ್ಚಿಕೊಳ್ಳುವಷ್ಟು ಪ್ರೀತಿ ಆಟದ ಮೇಲೆ.

ಆ ಚಳಿಗಾಲದಲ್ಲಿ ತಂಡದ ಮುಖ್ಯ ಗಾರ್ಡ್, ಅಂದರೆ ಚೆಂಡನ್ನು ಹಿಂದಿನಿಂದ ತಂದು ಆಟ ನಡೆಸುವವನು, ಪಾದ ಉಳುಕಿಸಿಕೊಂಡು ಕೂತ. ಅವನ ಜಾಗಕ್ಕೆ ಯಾರನ್ನಾದರೂ ನೋಡಿ ಬರುತ್ತೇನೆಂದು ದುಬೈಗೆ ಹೋದ ಬು ಜಾಸಿಮ್, ಮಾರನೇ ದಿನ ಕರಕ್ ಚಾದ ಲೋಟ ಹಿಡಿದು ಶೈಮಾಳ ಮೇಜಿನ ಮುಂದೆ ಪ್ರತ್ಯಕ್ಷರಾದರು.

"ಯಾ ಶೈಮಾ, ಸಿಕ್ಕಿದ! ಟೆರೆನ್ಸ್ ಅಂತ, ಅಮೆರಿಕದವನು. ಚೆಂಡು ಅವನ ಕೈಗೆ ಅಂಟಿಕೊಂಡೇ ಇರುತ್ತದೆ. ಕೈ ಕುಲುಕಿ ಬಂದಿದ್ದೇನೆ, ಖಲಾಸ್."

"ಎಷ್ಟಕ್ಕೆ ಕೈ ಕುಲುಕಿದಿರಿ?"

ಬು ಜಾಸಿಮ್ ಮೊತ್ತ ಹೇಳಿದರು. ಶೈಮಾ ಕಂಪ್ಯೂಟರಿನಲ್ಲಿ ಲೆಕ್ಕ ತೆರೆದು ನೋಡಿದಳು. ಕ್ಯಾಪಿನಲ್ಲಿ ಉಳಿದ ಜಾಗ ಅದರ ಅರ್ಧಕ್ಕೂ ಸಾಲದು.

"ಇವನು ಇಡೀ ಸೀಸನ್ನಿನ ಸಂಬಳ ಕೇಳಿದ್ದಾನೆ ಬು ಜಾಸಿಮ್. ಸೀಸನ್ನು ಅರ್ಧ ಮುಗಿದಿದೆ."

"ನಾನು ಮಾತು ಕೊಟ್ಟಾಗಿದೆ. ನೀನಿದ್ದೀಯಲ್ಲ" ಎಂದು ಅವರು ಚಾ ಮುಗಿಸಿ ಹೊರಟರು. ಹೊಸಬರ ಹೆಸರು ನೋಂದಾಯಿಸಲು ಲೀಗು ಕೊಟ್ಟ ಗಡುವು ಅದೇ ತಿಂಗಳ ಕೊನೆಗಿತ್ತು.

ಆಫೀಸಿನಲ್ಲಿ ಎಲ್ಲರ ಕಣ್ಣೂ ಹೋದದ್ದು ಊಸ್ಮಾನನ ಕಡೆಗೇ. ತಂಡದಲ್ಲಿ ಅವನೇ ಹಿರಿಯ, ಸಂಬಳವೂ ಅವನದೇ ದೊಡ್ಡದು. ಕೋಚ್ ಗೊರಾನ್ ಬಾಯಿಬಿಟ್ಟು ಹೇಳಿದ: "ಮನುಷ್ಯ ಬಂಗಾರದಂಥವನು. ಆದರೆ ಓಡುವಾಗ ಅವನ ಮಂಡಿಯ ಸದ್ದು ಬೆಂಚಿನವರೆಗೆ ಕೇಳುತ್ತದೆ." ಶೈಮಾ ಆಗದು ಎಂದು ತಲೆಯಾಡಿಸಿದಳು. ಅವನನ್ನು ಕಳಿಸಿದರೂ ಮೇ ತಿಂಗಳವರೆಗಿನ ಸಂಬಳ ಕೊಡಲೇಬೇಕು, ಕೊಟ್ಟದ್ದು ಕ್ಯಾಪಿಗೆ ಸೇರಲೇಬೇಕು. "ಮನುಷ್ಯ ಹೋಗ್ತಾನೆ ಕೋಚ್, ಸಂಬಳ ಇಲ್ಲೇ ಕೂತಿರ್ತದೆ" ಎಂದಳು. ಗೊರಾನ್ ಗಡ್ಡ ಕೆರೆದುಕೊಂಡ. ಬಸುರಿ ಆವಾಳಿಗೆ ಏಳು ತಿಂಗಳು ತುಂಬಿತ್ತೆಂಬುದು ಶೈಮಾಳ ಮನಸ್ಸಿನಲ್ಲಿತ್ತು, ಆದರೆ ಆ ಮಾತನ್ನು ಅವಳು ಅಲ್ಲಿ ಆಡಲಿಲ್ಲ.

ಟೆರೆನ್ಸನ ಏಜೆಂಟ್ ಫೋನಿನಲ್ಲಿ ಬಲು ಉತ್ಸಾಹದ ಮನುಷ್ಯ. "ಚಿಂತೆ ಯಾಕೆ? ಕಾಂಟ್ರಾಕ್ಟಿನಲ್ಲಿ ಕಡಿಮೆ ಬರೆಯಿರಿ. ಉಳಿದದ್ದು ಬೇರೆ ಯಾವುದಾದರೂ ದಾರಿಯಿಂದ ಬರಲಿ. ಎಲ್ಲ ಕಡೆ ನಡೆಯುತ್ತದೆ" ಎಂದ. ಶೈಮಾ ಹೌದು ಎನ್ನಲಿಲ್ಲ, ನೋಡುತ್ತೇನೆ ಎಂದು ಫೋನಿಟ್ಟಳು. ಎದುರಿನ ಮೇಜಿನಲ್ಲಿ ಕೂತಿದ್ದ ವಲೇರಿಯನ್ ಆ ಮಾತನ್ನೆಲ್ಲ ಸ್ಪೀಕರಿನಲ್ಲಿ ಕೇಳಿಸಿಕೊಂಡಿದ್ದ.

ವಲೇರಿಯನ್ ಬಜಪೆಯವನು, ಕ್ಲಬ್ಬಿನ ಅಕೌಂಟ್ಸ್ ನೋಡುತ್ತಿದ್ದ. ಶೈಮಾಳಿಗಿಂತ ಹತ್ತು ವರ್ಷ ಹಿರಿಯ. ಅವಳು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಅವಳಿಗೆ ಕುರ್ಚಿ ಹುಡುಕಿಕೊಟ್ಟವನೂ ಅವನೇ, ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ತಂದು ಅವಳಿಗೆ ಬೇರೆ ಪೊಟ್ಟಣ ಕಟ್ಟಿಡುವವನೂ ಅವನೇ. ಅವಳು ಅವನನ್ನು ತಮಾಷೆಗೂ ಗೌರವಕ್ಕೂ, ಊರಿನ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ, ಪೊರ್ಬುಗಳೇ ಎಂದೇ ಕರೆಯುತ್ತಿದ್ದಳು. ಆ ಮಧ್ಯಾಹ್ನ ಅವನು ಏನೋ ಯೋಚಿಸುತ್ತ ಪೆನ್ನು ಕಚ್ಚುತ್ತ ಕೂತಿದ್ದ. ಸಂಜೆಗೆ ಶಿಳ್ಳೆ ಹಾಕುತ್ತ ಹೊರಟ.

ಮರುದಿನ ಸಂಜೆ ಶೈಮಾ ಉಮ್ಮನನ್ನು ನೋಡಲು ನಜ್ಮಾಕ್ಕೆ ಹೋದಳು. ಅಂಗಡಿಯ ಬೋರ್ಡಿನ ಧೂಳು ಒರೆಸಿ ಹೊಳಪು ಬಂದಿತ್ತು. ಒಳಗೆ ಅವಳ ಉಪ್ಪ ಅಬ್ದುಲ್ ಸಲಾಂ ನೀಲಿ, ಬಿಳಿ ಬಟ್ಟೆಯ ತುಂಡುಗಳನ್ನು ಮೇಜಿನ ಮೇಲೆ ಹರಡಿಕೊಂಡು, ಕನ್ನಡಕವನ್ನು ಹಣೆಗೇರಿಸಿ ಕೂತಿದ್ದರು. ರೆಡಿಮೇಡ್ ಅಂಗಡಿಗಳು ಬಂದ ಮೇಲೆ ಅವರ ಎರಡು ಯಂತ್ರಗಳು ಬಟ್ಟೆ ಹೊದ್ದು ಮಲಗಿದ್ದವು. ಇವತ್ತು ಅವೂ ಎಣ್ಣೆ ಕುಡಿದು ಎದ್ದಿದ್ದವು.

"ನೀನು ಒಂದು ಮಾತು ಹೇಳ್ಬಾರ್ದಿತ್ತಾ?" ಎಂದು ಉಪ್ಪ ನಕ್ಕರು. "ವಲೇರಿಯನ್ ಫೋನ್ ಮಾಡಿದ್ರು. ಇಡೀ ಕ್ಲಬ್ಬಿನ ಯೂನಿಫಾರ್ಮು ಇನ್ನು ಮುಂದೆ ನಮ್ಮದೇ ಅಂತೆ! ಈ ನೀಲಿ ಒಳ್ಳೇದಾ, ಇದಾ? ಬೆವರು ಹೀರುವ ಬಟ್ಟೆ ಬೇಕಲ್ಲ, ನಾನು ವಿಚಾರಿಸಿ ಬಂದೆ."

ಸಾರಮ್ಮ ಒಳಗಿನಿಂದ ಪಾಯಸದ ಬಟ್ಟಲು ತಂದಿಟ್ಟರು. ಕೆಫೆಟೇರಿಯಾದವನಿಗೂ ಆಗಲೇ ಹೋಗಿತ್ತು.

ಶೈಮಾ ಪಾಯಸದ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಹೊರಗೆ ಹೋಗಿ ವಲೇರಿಯನ್‌ಗೆ ಫೋನ್ ಮಾಡಿದಳು. ಅವನು ಮುಚ್ಚುಮರೆಯಿಲ್ಲದೆ ಹೇಳಿದ: "ನೋಡು ಮಾರಾಯ್ತಿ, ಒಂದು ಕಲ್ಲಿಗೆ ಎರಡು ಮಾವು. ಮೂವತ್ತು ಜೊತೆ ಬಟ್ಟೆ ಹೊಲಿದ್ರೆ ಮುನ್ನೂರು ಜೊತೆಗೆ ಬಿಲ್. ಹೆಚ್ಚಾದದ್ದನ್ನು ಉಪ್ಪ ಆ ಏಜೆಂಟಿಗೆ ದಾಟಿಸ್ತಾರೆ. ಉಪ್ಪನ ಅಂಗಡಿಯೂ ಎದ್ದು ನಿಲ್ತದೆ. ನಿನಗೋಸ್ಕರವೇ ನಾನು ಬೇರೆ ಯಾರಿಗೂ ಹೇಳದೆ ಅವರಿಗೆ ಹೇಳಿದ್ದು."

ಅವನ ದನಿಯಲ್ಲಿದ್ದ ಪ್ರೀತಿ ನಿಜವಾದದ್ದು. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಗಲ್ಲಿಯಲ್ಲಿ ಆಚೆ ಈಚೆ ನಡೆದಳು. ಇಸ್ತ್ರಿ ಅಂಗಡಿಯ ಹಬೆ, ಯಾರದೋ ರೂಮಿನಿಂದ ಬರುತ್ತಿದ್ದ ಮಲಯಾಳಂ ವಾರ್ತೆ. ಉಪ್ಪ ಇಷ್ಟು ಉಲ್ಲಾಸದಿಂದ ಇದ್ದದ್ದನ್ನು ನೋಡಿ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟಳು. ಹೇಳದೆ ಇರಬಹುದಿತ್ತು. ಒಳಗೆ ಹೋಗಿ, ಉಪ್ಪನ ಎದುರಿನ ಸ್ಟೂಲಿನಲ್ಲಿ ಕೂತು, ಎಲ್ಲ ಹೇಳಿದಳು.

ಅಬ್ದುಲ್ ಸಲಾಂ ಮೊದಲು ನಂಬಲಿಲ್ಲ. ನಂಬಿದ ಮೇಲೆ ವಾದಕ್ಕಿಳಿದರು. "ಇದ್ರಿಂದ ಯಾರಿಗೆ ತೊಂದರೆ? ದುಡ್ಡು ಕ್ಲಬ್ಬಿಂದು, ಆಡುವವನೂ ಕ್ಲಬ್ಬಿನವನು. ನಾನು ನಡುವೆ ಕೈ ಬದಲಾಯಿಸಿದ್ರೆ ಯಾರ ಹೊಟ್ಟೆಗೆ ಹೊಡೆದ ಹಾಗಾಯ್ತು?"

"ಉಳಿದ ಕ್ಲಬ್ಬಿನವರು ಕ್ಯಾಪಿನೊಳಗೇ ಆಡ್ತಾರೆ ಉಪ್ಪ. ನಾವು ಮಾತ್ರ ಹಿಂದಿನ ಬಾಗಿಲಿಂದ. ಸಿಕ್ಕಿಬಿದ್ರೆ ತಂಡವನ್ನೇ ಹೊರಗೆ ಹಾಕ್ತಾರೆ. ಸಿಕ್ಕಿಬೀಳದಿದ್ರೂ..." ಅವಳು ಒಂದು ನೀಲಿ ತುಂಡನ್ನು ಅವರ ಮುಂದೆ ಸರಿಸಿದಳು. "ಮುನ್ನೂರು ಅಂಗಿ ಹೊಲಿದಿದ್ದೇನೆ ಅಂತ ನೀವು ಸಹಿ ಹಾಕ್ಬೇಕು. ಹೊಲಿಯುವುದು ಮೂವತ್ತು."

ಉಪ್ಪ ಕನ್ನಡಕ ಕೆಳಗಿಳಿಸಿದರು.

"ನಾನು ಹೊಲಿಯದ ಅಂಗಿಗೆ ನನ್ನ ಅಂಗಡಿಯ ಹೆಸರಾ?"

"ಹೌದು."

ಅವರು ಸ್ವಲ್ಪ ಹೊತ್ತು ಆ ನೀಲಿ ತುಂಡನ್ನು ಬೆರಳಿನಿಂದ ತಿಕ್ಕುತ್ತ ಕೂತರು. ಆಮೇಲೆ ಒಂದೊಂದಾಗಿ ತುಂಡುಗಳನ್ನು ಮಡಚತೊಡಗಿದರು. "ಇಷ್ಟು ವರ್ಷದಲ್ಲಿ ಗುಂಡಿ ಹಚ್ಚದೆ ಒಂದು ಅಂಗಿ ಹೊರಗೆ ಕೊಟ್ಟವನಲ್ಲ ನಾನು. ಅಂಗಿಯೇ ಇಲ್ಲದ ಅಂಗಿಯಾ? ಬೇಡ, ಬೇಡ. ವಲೇರಿಯನ್‌ಗೆ ನೀನೇ ಹೇಳು. ಜೋರು ಮಾಡ್ಬೇಡ, ಅವರು ಒಳ್ಳೇದಕ್ಕೆ ಹೇಳಿದ್ದು."

ಸಾರಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು, "ಪಾಯಸ ಕೊಟ್ಟದ್ದನ್ನು ವಾಪಸ್ ಕೇಳ್ಲಿಕ್ಕಾಗ್ತದಾ ಇನ್ನು?" ಎಂದು ಗೊಣಗಿದರು. ಮೂವರಿಗೂ ನಗು ಬಂತು. ಆ ನಗುವಿನಲ್ಲೇ ಶೈಮಾಳ ಕಣ್ಣು ತುಂಬಿತು, ಅವಳು ತಲೆ ಬಗ್ಗಿಸಿ ಬಟ್ಟಲು ಖಾಲಿ ಮಾಡಿದಳು.

ಮರುದಿನ ಶೈಮಾ ಹೇಳಿದಾಗ ವಲೇರಿಯನ್‌ಗೆ ಬೇಸರವಾಯಿತು. ಬೆಳಿಗ್ಗೆಯೆಲ್ಲ ತಲೆ ಎತ್ತದೆ ಲೆಕ್ಕ ಬರೆದ. ಮಧ್ಯಾಹ್ನ ತಾನೇ ಎದ್ದು ಬಂದು ಅವಳ ಮೇಜಿನ ಮೇಲೆ ಚಾ ಇಟ್ಟ. "ನಾನು ಏಜೆಂಟಿನ ಮಾತು ಕೇಳಿ ಬುದ್ಧಿ ಓಡಿಸಿದೆ. ಉಪ್ಪನಿಗೆ ಎಷ್ಟು ಬೇಜಾರಾಯ್ತು?"

"ಅಷ್ಟೇನಿಲ್ಲ ಪೊರ್ಬುಗಳೇ. ಉಮ್ಮನಿಗೆ ಪಾಯಸದ ಬೇಜಾರು."

"ಈಗ ಎಂತ ಮಾಡುವುದು ಹಾಗಾದ್ರೆ?"

"ಮೊದಲು ಬು ಜಾಸಿಮ್ ಹತ್ರ ಹೋಗುವ. ಆಮೇಲೆ ಊಸ್ಮಾನ್ ಹತ್ರ. ಇಷ್ಟು ದಿನ ಅವನ ಬಗ್ಗೆ ಎಲ್ಲರೂ ಮಾತಾಡಿದ್ದೇವೆ, ಅವನ ಹತ್ರ ಯಾರೂ ಮಾತಾಡಿಲ್ಲ."

ಬು ಜಾಸಿಮ್ ಏಜೆಂಟಿನ ದಾರಿಯ ಸುದ್ದಿ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. "ನಾನು ಈ ಲೀಗಿನ ಸಭೆಯಲ್ಲಿ ಕೂತು ಆ ನಿಯಮಕ್ಕೆ ಕೈ ಎತ್ತಿದವನು. ಲಾ, ಲಾ! ಅದು ಆಗದ ಮಾತು." ಮತ್ತೆ ಕೂತು, ಸಣ್ಣ ದನಿಯಲ್ಲಿ, "ಆದರೆ ಟೆರೆನ್ಸ್‌ಗೆ ಕೊಟ್ಟ ಮಾತು?" ಎಂದರು. ಗಡುವಿನವರೆಗೆ ತನಗೆ ಬಿಡಿ, ನಡುವೆ ಯಾರಿಗೂ ಫೋನ್ ಮಾಡಬೇಡಿ ಎಂದಳು ಶೈಮಾ. ಫೋನ್ ಮಾಡದೆ ಇರುವುದು ಅವರಿಗೆ ಉಪವಾಸಕ್ಕಿಂತ ಕಷ್ಟ. ಒಪ್ಪಿದರು.

ಊಸ್ಮಾನನ ಮನೆಗೆ ಅವಳು ಒಬ್ಬಳೇ ಹೋದಳು. ಬಾಗಿಲು ತೆಗೆದವನು ಅವಳ ಕೈಯಲ್ಲಿದ್ದ ಫೈಲನ್ನು ನೋಡಿ ನಗಲಿಲ್ಲ. ಒಳಗೆ ಕೂರಿಸಿ, ಶುಂಠಿ ಪಾನಕ ಕೊಟ್ಟು, "ನನ್ನನ್ನು ಕಳಿಸುವ ಕಾಗದವಾ?" ಎಂದ.

"ಅಲ್ಲ. ಆದರೆ ಸುಳ್ಳು ಹೇಳುವುದಿಲ್ಲ, ನಿನ್ನ ಸಂಬಳದ ವಿಷಯಕ್ಕೇ ಬಂದದ್ದು." ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗಾರ್ಡ್ ಬೇಕು, ಜಾಗ ಇಲ್ಲ, ಕೋಚ್ ಹೀಗೆ ಹೇಳಿದ, ನೀನು ಹೋದರೂ ಜಾಗ ಆಗುವುದಿಲ್ಲ. "ನಿನಗೆ ಏನು ಬೇಕು ಅಂತ ಕೇಳ್ಲಿಕ್ಕೆ ಬಂದೆ."

ಊಸ್ಮಾನ್ ಆವಾಳ ಕಡೆ ನೋಡಿದ. ಇಬ್ಬರೂ ತಮ್ಮ ಭಾಷೆಯಲ್ಲಿ ಏನೋ ಮಾತಾಡಿಕೊಂಡರು. ಆವಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅವನಿಗಿಂತ ಹೆಚ್ಚು ಮಾತಾಡಿದಳು.

"ಹನ್ನೊಂದು ವರ್ಷದಲ್ಲಿ ಏಳು ದೇಶದಲ್ಲಿ ಆಡಿದ್ದೇನೆ" ಎಂದ ಊಸ್ಮಾನ್. "ಪ್ರತಿ ಬೇಸಿಗೆಯಲ್ಲೂ ಪೆಟ್ಟಿಗೆ ಕಟ್ಟುವುದು. ಮಗು ಬಂದ ಮೇಲೂ ಮೇ ತಿಂಗಳಲ್ಲಿ ಪೆಟ್ಟಿಗೆ ಕಟ್ಟಬೇಕಲ್ಲ ಎಂದು ಇವಳು ಅಳುತ್ತಾಳೆ. ನನಗೆ ಸಂಬಳ ಕಡಿಮೆಯಾದರೂ ಪರವಾಗಿಲ್ಲ, ಇನ್ನೆರಡು ವರ್ಷ ಇಲ್ಲೇ ಇರಬಹುದು ಎಂದು ಯಾರಾದರೂ ಬರೆದುಕೊಟ್ಟರೆ ಸಾಕು. ಕೇಳಲು ನಾಚಿಕೆಯಾಯಿತು. ಮಂಡಿ ಹೀಗಿರುವಾಗ ಯಾರು ಕೊಡುತ್ತಾರೆ?"

ಶೈಮಾ ಫೈಲು ತೆರೆಯಲೇ ಇಲ್ಲ. ಲೀಗಿನ ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ಕಾಂಟ್ರಾಕ್ಟನ್ನು ಮುಂದುವರಿಸುವುದಾದರೆ ಸಂಬಳವನ್ನು ಮುಂದಿನ ವರ್ಷಗಳಿಗೆ ಹಂಚಿ ಬರೆಯಬಹುದು, ಆಟಗಾರನ ಕಡೆಯವರು ಓದಿ ಒಪ್ಪಿ ಸಹಿ ಹಾಕಬೇಕು. ಊಸ್ಮಾನನಿಗೆ ಒಟ್ಟಿನಲ್ಲಿ ಹೆಚ್ಚೇ ಸಿಗುತ್ತದೆ, ಈ ವರ್ಷದ ಪಾಲು ಮಾತ್ರ ಸಣ್ಣದಾಗುತ್ತದೆ. ಅವನು ಆಗಲೇ ಪೆನ್ನು ಹುಡುಕತೊಡಗಿದ್ದ.

"ಇವತ್ತಲ್ಲ" ಎಂದಳು ಅವಳು. "ನಿನ್ನ ಏಜೆಂಟ್ ಓದಲಿ. ನಾನು ಕ್ಲಬ್ಬಿನ ಕಡೆಯವಳು, ನನ್ನ ಮಾತಿನ ಮೇಲೆ ಸಹಿ ಹಾಕ್ಬೇಡ. ಮತ್ತೆ, ಎರಡು ವರ್ಷಕ್ಕೆ ಬು ಜಾಸಿಮ್ ಒಪ್ಪಬೇಕು. ಕೋಚ್ ಒಪ್ಪಬೇಕು."

ಬು ಜಾಸಿಮ್ ತಕ್ಷಣ ಒಪ್ಪಿದರು. ಗೊರಾನ್‌ಗೆ ಎರಡು ದಿನ ಬೇಕಾಯಿತು. ಆ ಮಂಡಿಯಲ್ಲಿ ಎರಡು ವರ್ಷವೇ ಎಂದು ಕೂಗಾಡಿದ. ಮಕ್ಕಳ ತಂಡಕ್ಕೆ ಕಲಿಸುವ ಕೆಲಸದಲ್ಲೂ ಊಸ್ಮಾನ್ ಕೈ ಜೋಡಿಸುತ್ತಾನೆ ಎಂದ ಮೇಲೆ ತಣ್ಣಗಾದ. ಹುಡುಗರಿಗೆ ಅವನೆಂದರೆ ಪ್ರಾಣ ಎಂಬುದು ಗೊರಾನ್‌ಗೂ ಗೊತ್ತಿತ್ತು.

ಆದರೂ ಜಾಗ ಸಾಲಲಿಲ್ಲ. ಈ ಸಲ ಶೈಮಾ ಏಜೆಂಟಿನ ಜೊತೆ ಟೆರೆನ್ಸನೂ ಇರಬೇಕೆಂದು ಹಟ ಹಿಡಿದು ವಿಡಿಯೋ ಕಾಲ್ ಮಾಡಿಸಿದಳು. ಪರದೆಯಲ್ಲಿ ಕಂಡದ್ದು ಇನ್ನೂ ಎಳೆಯ ಮುಖದ ಯುವಕ, ಹಿಂದೆ ಇಸ್ತ್ರಿ ಮಾಡದ ಅಂಗಿಗಳ ರಾಶಿ. ಏಜೆಂಟ್ ಮೊತ್ತದ ಬಗ್ಗೆ ಭಾಷಣ ಮಾಡುತ್ತಿದ್ದಾಗ ಅವನು ನಡುವೆ ಬಾಯಿ ಹಾಕಿದ: "ಮೇಡಂ, ನನ್ನನ್ನು ಆಡಿಸುತ್ತೀರಾ? ಕೈ ಮುರಿದುಕೊಂಡು ಒಂದು ವರ್ಷ ಕೂತಿದ್ದೇನೆ. ಯಾರೂ ಕರೆದಿಲ್ಲ."

"ಆಡಿಸುತ್ತೇವೆ. ಆದರೆ ಕೈಯಲ್ಲಿರುವುದು ಇಷ್ಟೇ" ಎಂದು ಅವಳು ಉಳಿದ ತಿಂಗಳುಗಳಿಗೆ ಸಲ್ಲುವ ಸಂಬಳ ಹೇಳಿದಳು. "ಇದಕ್ಕೂ ಇನ್ನೂ ಸ್ವಲ್ಪ ಕೊರತೆ ಇದೆ. ಸಂಬಳ ನೋಂದಣಿಯ ದಿನದಿಂದ ಲೆಕ್ಕಕ್ಕೆ ಬರುತ್ತದೆ. ಮುಂದಿನ ಎರಡು ಪಂದ್ಯ ಮುಗಿದ ಮೇಲೆ ನೀನು ಬಂದರೆ ಎಲ್ಲ ಸರಿಹೋಗುತ್ತದೆ."

ಏಜೆಂಟ್ ಆಗದು ಎಂದ. ಟೆರೆನ್ಸ್ ಆಗಬಹುದು ಎಂದ. ಇಬ್ಬರ ನಡುವೆ ಆಮೇಲೆ ಏನು ನಡೆಯಿತೋ, ಮರುದಿನ ಒಪ್ಪಿಗೆ ಬಂತು. ಬು ಜಾಸಿಮ್ ತಾವೇ ಫೋನ್ ಮಾಡಿ, ದುಬೈಯಲ್ಲಿ ತಾನು ಅವಸರಪಟ್ಟದ್ದು ತಪ್ಪು ಎಂದು ಆ ಯುವಕನಿಗೆ ನೇರವಾಗಿ ಹೇಳಿದರು. ಅದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಎರಡು ಪಂದ್ಯ ಮುಖ್ಯ ಗಾರ್ಡ್ ಇಲ್ಲದೆ ಆಡಬೇಕಾಯಿತು. ಮೊದಲನೆಯದರಲ್ಲಿ ಅಲ್ ನವ್ರಸ್ ಸೋತ ಸೋಲನ್ನು ನೋಡಲಾಗದೆ ಬು ಜಾಸಿಮ್ ಮೂರನೇ ಕ್ವಾರ್ಟರಿನಲ್ಲಿ ಪಾರ್ಕಿಂಗಿಗೆ ಹೋಗಿ ಕಾರಿನಲ್ಲಿ ಕೂತರು. ಗೊರಾನ್ ಶೈಮಾಳ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಅನ್ನ ರುಚಿಸಲಿಲ್ಲ. ಕ್ಯಾಪು ಉಳಿಸಲು ಹೋಗಿ ತಂಡವನ್ನೇ ಮುಳುಗಿಸಿದೆನೇ ಎಂದು ಹಾಶಿಮನ ಹತ್ತಿರ ಹೇಳಿಕೊಂಡಳು. ಹಾಶಿಮ್ ಬಾಸ್ಕೆಟ್‌ಬಾಲ್‌ನಲ್ಲಿ ಎಷ್ಟು ಜನ ಆಡುತ್ತಾರೆಂದೂ ಸರಿಯಾಗಿ ತಿಳಿಯದವನು. "ನಾಡಿದ್ದಿನ ಮ್ಯಾಚಿಗೆ ಎಲ್ಲರೂ ಹೋಗುವ, ಜೋರಾಗಿ ಬೊಬ್ಬೆ ಹಾಕುವ. ಅಷ್ಟಾದ್ರೂ ನಮ್ಮಿಂದಾಗ್ತದಲ್ಲ" ಎಂದ.

ಹಾಗೆ ಎರಡನೇ ಪಂದ್ಯಕ್ಕೆ ಇಡೀ ಸಂಸಾರ ಬಂತು. ಉಪ್ಪ, ಉಮ್ಮ, ಹಾಶಿಮ್, ಅವರ ಪಕ್ಕ ಆವಾ, ಹಿಂದಿನ ಸಾಲಿನಲ್ಲಿ ವಲೇರಿಯನ್. ಪಂದ್ಯ ಕೊನೆಯವರೆಗೆ ಸಮಸಮ ಹೋಯಿತು. ಕೊನೆಯ ಕ್ವಾರ್ಟರಿನಲ್ಲಿ ಚೆಂಡು ತರುತ್ತಿದ್ದ ಬದಲಿ ಆಟಗಾರನೂ ಫೌಲುಗಳು ತುಂಬಿ ಹೊರಗೆ ಬಂದ. ಈಗ ಚೆಂಡು ತರುವವರೇ ಇಲ್ಲ. ಗೊರಾನ್ ಬೆಂಚಿನ ಉದ್ದಕ್ಕೂ ನೋಡಿದ, ತಲೆ ಮೇಲೆ ಕೈ ಹೊತ್ತ. ಅಷ್ಟರಲ್ಲಿ ಊಸ್ಮಾನ್ ತಾನೇ ಹಿಂದೆ ಹೋಗಿ ಚೆಂಡು ಕೇಳಿ ತೆಗೆದುಕೊಂಡ.

ಯಾವತ್ತೂ ರಿಂಗಿನ ಕೆಳಗೆ ಕಂಬದ ಹಾಗೆ ನಿಲ್ಲುವ ಮನುಷ್ಯ. ಅವನು ಚೆಂಡು ಬಡಿಯುತ್ತ ಅಂಗಳದ ಉದ್ದಕ್ಕೂ ಬರತೊಡಗಿದಾಗ ಮೊದಲು ನಗು ಎದ್ದಿತು. ಎದುರಾಳಿಗಳಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಅಷ್ಟು ಎತ್ತರದವನ ಎದುರು ಗಿಡ್ಡ ಗಾರ್ಡ್‌ಗಳು ಹಾರಿದರೂ ಕೈ ಅವನು ಎತ್ತಿ ಹಿಡಿದ ಚೆಂಡಿಗೆ ಎಟುಕುತ್ತಿರಲಿಲ್ಲ. ಅವನು ಅವಸರವಿಲ್ಲದೆ, ಅವರ ತಲೆಯ ಮೇಲಿಂದ, ಮನೆಯ ಅಟ್ಟದಿಂದ ಸಾಮಾನು ಇಳಿಸಿಕೊಡುವವನ ಹಾಗೆ ತನ್ನವರಿಗೆ ಚೆಂಡು ಕೊಟ್ಟ. ಒಂದು ಬುಟ್ಟಿ, ಇನ್ನೊಂದು. ಕೊನೆಗೆ ಯಾರೂ ಹತ್ತಿರ ಬಾರದಿದ್ದಾಗ ಮೂರು ಪಾಯಿಂಟಿನ ಗೆರೆಯ ಹಿಂದಿನಿಂದ ತಾನೇ ಎಸೆದ. ಚೆಂಡು ರಿಂಗಿನ ಮೇಲೆ ಒಂದು ಸುತ್ತು ಸುತ್ತಿ ಒಳಗೆ ಬಿತ್ತು. ಅದನ್ನು ನೋಡಿ ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನು ಊಸ್ಮಾನನೇ. ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತುಬಿಟ್ಟ.

"ಯಲ್ಲಾ! ಯಲ್ಲಾ!" ಎಂದು ಬು ಜಾಸಿಮ್ ಕುಣಿಯುತ್ತಿದ್ದರು. ಅಬ್ದುಲ್ ಸಲಾಂ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಸಾರಮ್ಮನಿಗೆ ಯಾರು ಗೆದ್ದರೆಂದು ಗೊತ್ತಾಗಲಿಲ್ಲ, ಆವಾ ಅಪ್ಪಿಕೊಂಡದ್ದರಿಂದ ಒಳ್ಳೆಯದೇ ಆಗಿರಬೇಕೆಂದು ತಿಳಿದರು. ಮೂರು ಪಾಯಿಂಟಿನಿಂದ ಗೆದ್ದಿದ್ದರು. ಗೊರಾನ್ ಶೈಮಾ ಇದ್ದಲ್ಲಿಗೆ ಬಂದು, "ಇವನಿಗೆ ಮೂರು ವರ್ಷ ಬರೆಯಬೇಕಿತ್ತು" ಎಂದ.

"ಈಗ ಕ್ಯಾಪಲ್ಲಿ ಜಾಗ ಇಲ್ಲ ಕೋಚ್" ಎಂದಳು ಶೈಮಾ.

ಟೆರೆನ್ಸ್‌ನ ನೋಂದಣಿ ಗಡುವಿನೊಳಗೇ ಸಲೀಸಾಗಿ ಆಯಿತು. ಅವನು ಬಂದ, ಚೆನ್ನಾಗಿಯೇ ಆಡಿದ, ಪವಾಡವೇನೂ ಮಾಡಲಿಲ್ಲ. ತಂಡ ಮೂರನೇ ಸ್ಥಾನದಲ್ಲಿ ಸೀಸನ್ ಮುಗಿಸಿತು. ಆ ವರ್ಷ ಬೇರೊಂದು ಕ್ಲಬ್ಬಿನ ಲೆಕ್ಕದಲ್ಲಿ ಏನೋ ಮುಚ್ಚಿಟ್ಟದ್ದು ಸಿಕ್ಕು ಲೀಗಿನವರು ಎಲ್ಲ ಕಡೆ ಶೋಧ ಮಾಡಿದರು. ಅಲ್ ನವ್ರಸ್‌ಗೂ ಬಂದರು, ಕಾಗದ ನೋಡಿದರು, ಚಾ ಕುಡಿದು ಹೋದರು. ಅವರು ಹೋದ ಮೇಲೆ ವಲೇರಿಯನ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಶೈಮಾಳ ಕಡೆ ನೋಡಿದ.

ಕ್ಲಬ್ಬಿನ ಯೂನಿಫಾರ್ಮನ್ನು ನಿಜವಾಗಿಯೇ ಹೊಲಿಯಬಹುದು ಎಂದು ಬು ಜಾಸಿಮ್ ಅಬ್ದುಲ್ ಸಲಾಂಗೆ ಹೇಳಿ ಕಳಿಸಿದರು. ಅವರು ಮನಸ್ಸು ಮಾಡಲಿಲ್ಲ. "ಮಗಳು ಅಲ್ಲಿರುವ ತನಕ ಬೇಡ, ನಾಲ್ಕು ಜನ ನಾಲ್ಕು ಮಾತಾಡ್ತಾರೆ" ಎಂದರು. ಆದರೆ ಆಟಗಾರರು ತಾವಾಗಿಯೇ ಬರತೊಡಗಿದರು. ಉದ್ದ ಕಾಲಿನ ಪ್ಯಾಂಟು ಸಿಗದೆ ಕಷ್ಟಪಡುವ ಜನ ದೋಹಾದಲ್ಲಿ ಇಷ್ಟಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ. ಎದುರಾಳಿ ತಂಡದವರೂ ಬಂದರು. ಮಲಗಿದ್ದ ಯಂತ್ರಗಳಲ್ಲಿ ಒಂದು ಪೂರ್ತಿ ಎದ್ದಿತು, ಇನ್ನೊಂದು ವಾರಕ್ಕೆ ಮೂರು ದಿನ ಎದ್ದಿರುತ್ತಿತ್ತು.

ಸೀಸನ್ನು ಮುಗಿಯುವ ಮೊದಲೇ, ಮಾರ್ಚ್‌ನಲ್ಲಿ, ಆವಾಳಿಗೆ ಹೆಣ್ಣು ಮಗು ಹುಟ್ಟಿತ್ತು. ಅವರ ಪದ್ಧತಿಯ ಹಾಗೆ ವಾರ ಕಳೆದ ಮೇಲೆ ಹೆಸರಿಡುವ ಊಟ. ಊಸ್ಮಾನ್ ತನ್ನ ತಾಯಿಯ ಹೆಸರನ್ನೇ ಇಟ್ಟ, ಕುಂಬಾ ಎಂದು. ಮನೆ ತುಂಬ ಜನ. ದೊಡ್ಡ ತಟ್ಟೆಯ ಸುತ್ತ ಗೊರಾನ್, ಟೆರೆನ್ಸ್, ಬು ಜಾಸಿಮ್ ಎಲ್ಲರೂ ನೆಲದ ಮೇಲೆ ಕೂತು ಕೈ ಹಾಕಿ ಊಟ ಮಾಡಿದರು. ಸಾರಮ್ಮ ಊರಿಂದ ತರಿಸಿದ ತೆಂಗಿನೆಣ್ಣೆಯ ಬಾಟಲಿ ಹಿಡಿದು ಬಂದವರು ಊಟಕ್ಕೂ ಕೂರದೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಲು ಶುರು ಮಾಡಿದರು. ಮಗು ಮೊದಲು ಅತ್ತು, ಆಮೇಲೆ ಕೈಕಾಲು ಸಡಿಲ ಬಿಟ್ಟು ನಿದ್ದೆಗೆ ಜಾರಿತು. ಆವಾ ಪಕ್ಕದಲ್ಲಿ ಕೂತು ಕೈ ಹೇಗೆ ಆಡುತ್ತದೆಂದು ನೋಡುತ್ತಿದ್ದಳು.

"ಇವಳ ಕಾಲು ನೋಡು ಶೈಮಾ" ಎಂದರು ಸಾರಮ್ಮ. "ನಮ್ಮ ಮಕ್ಕಳಿಗೆ ಒಂದು ವರ್ಷಕ್ಕೆ ಬರುವ ಉದ್ದ ಇವಳಿಗೆ ಈಗಲೇ ಉಂಟು."

ಶೈಮಾ ಅದನ್ನು ಆವಾಳಿಗೆ ಹೇಳಲು ಬಾಯಿ ತೆರೆದಳು. ಹೇಳುವ ಅಗತ್ಯ ಬೀಳಲಿಲ್ಲ. ಆವಾ ಆಗಲೇ ಮಗುವಿನ ಕಾಲನ್ನು ಬೆರಳಿನಿಂದ ಅಳೆಯುತ್ತ ನಗುತ್ತಿದ್ದಳು. ಸಾರಮ್ಮ ಬಾಟಲಿಯನ್ನು ಅವಳ ಕೈಗೆ ಕೊಟ್ಟು, ಇನ್ನೊಂದು ಕಾಲಿಗೆ ನೀನು ಹಚ್ಚು ಎಂದು ಸನ್ನೆ ಮಾಡಿದರು.